ಸೀಟಿನ ಚರ್ಮ ಮತ್ತು ಘಟ್ಟದ ಅಳಲೆಕಾಯಿ

ಹಳೆಯ ಮೋಟಾರ್ ಸೈಕಲ್ಲಿಗೆ ದಪ್ಪ ಚರ್ಮದ ಸೀಟು ಮಾಡಿಸಿ, ಅದರ ಮೇಲೆ ಹೂಬಳ್ಳಿ ಕೆತ್ತಿಸಿ, ಅಂಚಿಗೆ ಚರ್ಮದ ಬಾರು ಹೆಣೆಸುವ ಹವ್ಯಾಸ ಈಗ ನಮ್ಮ ದೇಶದಲ್ಲಿಯೂ ಇದೆ. ಈ ಕೆಲಸದಲ್ಲಿ ಒಂದು ಸೋಜಿಗವಿದೆ. ಒಣ ಚರ್ಮವನ್ನು ಒತ್ತಿದರೆ ಗುರುತು ಸರಿಯಾಗಿ ಮೂಡುವುದಿಲ್ಲ. ನೀರಿನಿಂದ ಹದವಾಗಿ ತೇವಗೊಳಿಸಿ ಒತ್ತಿದರೆ ಗುರುತು ಆಳವಾಗಿ ಮೂಡುತ್ತದೆ, ಒಣಗಿದ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಎಲ್ಲ ಚರ್ಮಗಳಲ್ಲಿಯೂ ಹೀಗಾಗುವುದಿಲ್ಲ. ಏಕೆ? ಉತ್ತರ ಹುಡುಕುತ್ತ ಹೋದರೆ ಕಾರವಾರ, ಅಂಕೋಲೆಗಳ ಹಿಂದಿನ ಘಟ್ಟದ ಕಾಡನ್ನೂ ಮದರಾಸಿನ ಒಂದು ಭೌತವಿಜ್ಞಾನ ವಿಭಾಗವನ್ನೂ ಹೊಕ್ಕು ಬರಬೇಕಾಗುತ್ತದೆ.

ಕುದುರೆಯಿಂದ ಮೋಟಾರಿಗೆ

ಮೋಟಾರ್ ಸೈಕಲ್ಲಿನ ಸೀಟಿಗೆ ಕುದುರೆಯ ಜೀನೇ ಪೂರ್ವಜ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಕುದುರೆ ಸಾಮಾನು ಮಾಡುತ್ತಿದ್ದ ಬ್ರೂಕ್ಸ್ ಎಂಬಾತ 1882ರಲ್ಲಿ ಸೈಕಲ್ಲಿನ ಚರ್ಮದ ಸೀಟಿಗೆ ಪೇಟೆಂಟ್ ಪಡೆದ. ಸ್ಪ್ರಿಂಗಿನ ಮೇಲೆ ಬಿಗಿದ ಚರ್ಮದ ಅದೇ ಬಗೆಯ ಸೀಟು ಮೊದಲ ಮೋಟಾರ್ ಸೈಕಲ್ಲುಗಳಿಗೂ ಬಂತು. ಹೂಬಳ್ಳಿ ಕೆತ್ತುವ ರೂಢಿಯಾದರೋ ಮೆಕ್ಸಿಕೋದ ಜೀನುಗಾರರಿಂದ ಅಮೆರಿಕದ ಪಶ್ಚಿಮ ಭಾಗಕ್ಕೆ ಹರಡಿದ್ದು. ಮದರಾಸಿನಲ್ಲಿ 1955ರಲ್ಲಿ ಬುಲೆಟ್, ಮೈಸೂರಿನಲ್ಲಿ 1961ರಲ್ಲಿ ಜಾವಾ ತಯಾರಿಕೆ ಆರಂಭವಾಗುವ ಹೊತ್ತಿಗೆ ಇಬ್ಬರು ಕೂರುವ ಉದ್ದ ಸೀಟು ಬಳಕೆಗೆ ಬಂದಿತ್ತು. ಕ್ರಮೇಣ ಫೋಮ್ ಮತ್ತು ರೆಕ್ಸಿನ್ ಚರ್ಮದ ಜಾಗವನ್ನು ಹಿಡಿದವು.

ಘಟ್ಟದಿಂದ ಬಂದರಿಗೆ

ಹಸಿ ಚರ್ಮ ಬೇಗ ಕೊಳೆಯುತ್ತದೆ, ಒಣಗಿದರೆ ಕೊಂಬಿನಂತೆ ಗಡುಸಾಗುತ್ತದೆ. ಅದನ್ನು ಬಾಳಿಕೆ ಬರುವ ಚರ್ಮವಾಗಿಸುವುದೇ ಹದ ಮಾಡುವುದು. ಅದಕ್ಕೆ ಬೇಕಾದ ಟ್ಯಾನಿನ್‌ಗಳು ತಂಗಡಿಯ ತೊಗಟೆಯಲ್ಲಿಯೂ ಅಳಲೆಕಾಯಿಯಲ್ಲಿಯೂ ಹೇರಳವಾಗಿವೆ. ಒಣಗಿದ ಅಳಲೆಕಾಯಿಯ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಟ್ಯಾನಿನ್ ಇರುತ್ತದೆ.

ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿ ಅಳಲೆ ಮರ ಸಹಜವಾಗಿ ಬೆಳೆಯುತ್ತದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಕಾಲದಲ್ಲಿ ಈ ಜಿಲ್ಲೆಯ ಕಾಡಿನ ಉತ್ಪನ್ನಗಳಲ್ಲಿ ಅಳಲೆಕಾಯಿಯೂ ಒಂದು ವ್ಯಾಪಾರದ ಸರಕು. ಯುರೋಪಿನ ಹದಗಾರರು ಭಾರತದ ಅಳಲೆಯನ್ನು ಅದು ಬಂದ ಸ್ಥಳದ ಹೆಸರಿನಿಂದಲೇ ಗುರುತಿಸುತ್ತಿದ್ದರು. ಭೀಮ್ಲಿ, ಜಬಲ್ಪುರ ಎಂಬ ಬಗೆಗಳಂತೆ, ಗೋವೆಯಾಚೆಯ ವೆಂಗುರ್ಲೆ ಬಂದರಿನ ಹೆಸರಿನದೂ ಒಂದಿತ್ತು.

ಹಳ್ಳಿಗಳಲ್ಲಿ ಈ ರಸಾಯನಕ್ರಿಯೆಯನ್ನು ನಡೆಸುತ್ತಿದ್ದವರು ಸಮಗಾರರೇ ಮೊದಲಾದ ಸಮುದಾಯದವರು. ಸುಣ್ಣದ ನೀರಿನಲ್ಲಿ ನೆನೆಸಿ ರೋಮ ತೆಗೆದು, ಚರ್ಮವನ್ನು ಚೀಲದಂತೆ ಹೊಲಿದು ತೂಗುಹಾಕಿ, ಅದರೊಳಗೆ ತೊಗಟೆ ಮತ್ತು ಕಷಾಯ ತುಂಬುವುದು ಭಾರತದಲ್ಲಿ ಬಳಕೆಯಲ್ಲಿದ್ದ ಒಂದು ವಿಧಾನ. ಕಷಾಯ ತನ್ನ ಭಾರದಿಂದಲೇ ಚರ್ಮದ ಮೂಲಕ ಒಸರುತ್ತಿತ್ತು. ದ್ರವದ ಒತ್ತಡವನ್ನು ಇಷ್ಟು ಜಾಣತನದಿಂದ ಬಳಸಿದವರನ್ನು ಸಮಾಜ ಅಸ್ಪೃಶ್ಯರೆಂದು ಊರ ಹೊರಗಿಟ್ಟಿತು. ಅವರು ಮಾಡಿದ ಮೆಟ್ಟು ಎಲ್ಲರಿಗೂ ಬೇಕಾಗಿತ್ತು. ಅವರ ತಿಳಿವಳಿಕೆ ಮಾತ್ರ ಶಾಲೆಯ ಪುಸ್ತಕ ಸೇರಲಿಲ್ಲ.

ಕ್ರೋಮಿಯಂ ಬಂದಿತು

ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ 1884ರಲ್ಲಿಯೂ ಮಾರ್ಟಿನ್ ಡೆನ್ನಿಸ್ 1893ರಲ್ಲಿಯೂ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಗಳಿಗೆ ಪೇಟೆಂಟ್ ಪಡೆದರು. ವಾರಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಈ ವಿಧಾನವನ್ನು ಮದರಾಸಿನಲ್ಲಿ ಪ್ರಯೋಗಿಸಿದ ಆಲ್ಫ್ರೆಡ್ ಚಾಟರ್‌ಟನ್ ಅನಂತರ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕ್ರೋಮ್ ಚರ್ಮ ಮೃದು, ಕುದಿನೀರನ್ನೂ ತಾಳಬಲ್ಲದು. ಆದರೆ ಒತ್ತಿದ ಗುರುತನ್ನು ಅದು ಚೆನ್ನಾಗಿ ಹಿಡಿಯುವುದಿಲ್ಲ, ರಬ್ಬರಿನಂತೆ ಮರಳಿ ಏಳುತ್ತದೆ. ಕೆತ್ತುವವರು ಇಂದಿಗೂ ಸಸ್ಯದ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮವನ್ನೇ ಕೇಳುವುದು ಇದರಿಂದಾಗಿ.

ಮದರಾಸಿನ ಉತ್ತರ

ಚರ್ಮದ ಮುಖ್ಯ ಪ್ರೋಟೀನ್ ಕೊಲಾಜೆನ್. ಅದರ ರಚನೆ 1950ರ ದಶಕದ ಆರಂಭದವರೆಗೂ ಒಗಟಾಗಿತ್ತು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪ್ರಾಧ್ಯಾಪಕರಾದರು. ಅಲ್ಲಿಗೆ ಭೇಟಿ ಕೊಟ್ಟ ಜೆ.ಡಿ. ಬರ್ನಾಲ್ ಈ ಒಗಟಿನತ್ತ ಅವರ ಗಮನ ಸೆಳೆದರು. 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಪಕ್ಕದಲ್ಲಿಯೇ ಇತ್ತು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳನ್ನು ಅಭ್ಯಸಿಸಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ಒಂದು ಮಾದರಿಯನ್ನು, 1955ರಲ್ಲಿ ಅದರ ತಿದ್ದಿದ ರೂಪವನ್ನು ಪ್ರಕಟಿಸಿದರು. ಮೂರು ಸರಪಳಿಗಳು ಹಗ್ಗದಂತೆ ಹೊಸೆದುಕೊಂಡಿವೆ. ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್ ಆಗಿರುವುದರಿಂದಲೇ ಅಷ್ಟು ಒತ್ತಾದ ಹೊಸೆತ ಸಾಧ್ಯ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಟ್ಯಾನಿನ್ ಅಣುಗಳು ಕೊಲಾಜೆನ್ ಎಳೆಗಳ ನಡುವೆ ಸೇರಿ ಮುಖ್ಯವಾಗಿ ಹೈಡ್ರೋಜನ್ ಬಂಧಗಳಿಂದ ಅವನ್ನು ಹಿಡಿಯುತ್ತವೆ. ನೀರು ಈ ದುರ್ಬಲ ಬಂಧಗಳನ್ನು ಸಡಿಲಿಸುತ್ತದೆ. ಒತ್ತಿದಾಗ ಎಳೆಗಳು ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತವೆ. ನೀರು ಆರಿದಾಗ ಬಂಧಗಳು ಅಲ್ಲಿಯೇ ಮತ್ತೆ ಕೂಡುತ್ತವೆ. ಕ್ರೋಮಿಯಂ ಬಂಧಗಳು ಇದಕ್ಕಿಂತ ಬಲವಾದವು, ನೀರಿಗೆ ಸಡಿಲವಾಗುವುದಿಲ್ಲ. ಅಳಲೆ ಜಗಿದಾಗ ನಾಲಗೆ ಒಗರಾಗುವುದು ಕೂಡ ಟ್ಯಾನಿನ್ ಜೊಲ್ಲಿನ ಪ್ರೋಟೀನ್‌ಗಳನ್ನು ಹಿಡಿಯುವುದರಿಂದಲೇ.

ಕೆತ್ತನೆ, ಹೆಣಿಗೆ ಮತ್ತು ಮಳೆ

ಸೀಟಿಗೆ 3ರಿಂದ 4 ಮಿ.ಮೀ. ದಪ್ಪದ ಚರ್ಮ ಬೇಕು. ಚಿತ್ರದ ಗೆರೆಯನ್ನು ಅರ್ಧ ದಪ್ಪದವರೆಗೆ ಮಾತ್ರ ಕೊಯ್ದು, ಗೆರೆಯ ಒಂದು ಬದಿಯನ್ನು ಅಚ್ಚಿನಿಂದ ತಗ್ಗಿಸುತ್ತಾರೆ. ಆಗ ಇನ್ನೊಂದು ಬದಿ ಉಬ್ಬಿದಂತೆ ಕಾಣುತ್ತದೆ. ಅಂಚಿನಲ್ಲಿ ಸಮ ಅಂತರದ ತೂತು ಹೊಡೆದು ಬಾರು ಹೆಣೆಯುತ್ತಾರೆ. ಸರಳ ಸುತ್ತುಹೊಲಿಗೆಗೆ ಅಂಚಿನ ಉದ್ದದ ಮೂರೂವರೆ ಪಟ್ಟು ಬಾರು ಬೇಕಾದೀತು. ದುಂಡು ತೂತಿಗಿಂತ ಸೀಳಿನ ತುದಿಯಲ್ಲಿ ಎಳೆತ ಹೆಚ್ಚು ಕೇಂದ್ರೀಕರಿಸಿ, ಚರ್ಮ ಅಲ್ಲಿಂದ ಹರಿಯಬಹುದು. ಯಕ್ಷಗಾನದ ಮದ್ದಳೆಯ ಬಾರುಗಳಂತೆ ಇಲ್ಲಿಯೂ ಎಳೆತ ಎಲ್ಲೆಡೆ ಸಮನಾಗಿ ಹಂಚಿಕೆಯಾಗಬೇಕು.

ಕರಾವಳಿಯ ಮಳೆಗಾಲ ಇಂಥ ಸೀಟಿಗೆ ಕಠಿಣ ಪರೀಕ್ಷೆ. ತೇವದಿಂದ ಬೂಷ್ಟು ಹಿಡಿಯುತ್ತದೆ, ಮಳೆಯಲ್ಲಿ ನೆನೆದ ಚರ್ಮದ ಕೆತ್ತನೆ ಮಾಸುತ್ತದೆ. ಉಪ್ಪುಗಾಳಿಗೆ ಸೀಟಿನ ಕೆಳಗಿನ ಕಬ್ಬಿಣದ ತಟ್ಟೆ ತುಕ್ಕು ಹಿಡಿದರೆ ಚರ್ಮದ ಮೇಲೆ ಕಪ್ಪು ಕಲೆ ಬೀಳುತ್ತದೆ. ಕಬ್ಬಿಣವೂ ಟ್ಯಾನಿನ್ನೂ ಸೇರಿ ಆಗುವ ಈ ಕಪ್ಪು, ನಮ್ಮ ಹಿರಿಯರು ಅಳಲೆಕಾಯಿಯಿಂದ ಮಾಡಿ ಬರೆಯುತ್ತಿದ್ದ ಮಸಿಯೇ. ತಟ್ಟೆಗೆ ಬಣ್ಣ ಬಳಿದು, ಚರ್ಮಕ್ಕೆ ಎಣ್ಣೆ ಅಥವಾ ಮೇಣ ಹಚ್ಚಿ ಇದನ್ನು ತಡೆಯಬಹುದು.

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಅಳಲೆಕಾಯಿಯ ಕಷಾಯವನ್ನು ಎರಡು ಲೋಟಗಳಿಗೆ ಹಾಕಿ. ಒಂದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ದ್ರವ ಕಪ್ಪಾಗುತ್ತದೆ. ಇನ್ನೊಂದಕ್ಕೆ ಬಿಸಿನೀರಿನಲ್ಲಿ ಕರಗಿಸಿ ಆರಿಸಿದ ಜೆಲಾಟಿನ್ ಸೇರಿಸಿದರೆ ಗಸಿ ಕೂಡುತ್ತದೆ. ಜೆಲಾಟಿನ್ ಕೊಲಾಜೆನ್‌ನಿಂದಲೇ ಬಂದದ್ದು, ಆದ್ದರಿಂದ ಎರಡನೆಯ ಲೋಟದಲ್ಲಿ ನಡೆಯುವುದು ಚರ್ಮ ಹದವಾಗುವ ಕ್ರಿಯೆಯೇ. ಅದನ್ನು ವಿವರಿಸುವಾಗ ರಾಮಚಂದ್ರನ್ ಅವರ ಹೆಸರಿನೊಂದಿಗೆ, ತಲೆಮಾರುಗಳ ಕಾಲ ಈ ಕ್ರಿಯೆಯನ್ನು ಕೈಯಿಂದ ನಡೆಸಿದ ಸಮಗಾರರನ್ನೂ ಮಕ್ಕಳಿಗೆ ಹೇಳಬೇಕು.