ಚೌಕಟ್ಟಿನಾಚೆಯ ಶಿಖರ: ಹಂಪಿ ಪರಿಸರದ ಚಿತ್ರ ಮತ್ತು ಪಠ್ಯಗಳ ಮುದ್ರಣ

ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪಿಯ ಸ್ಮಾರಕಗಳ ಛಾಯಾಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದ್ದುದು ಈ ಚಿತ್ರಗಳಿಂದ ತಿಳಿಯುತ್ತದೆ. ಇಂದು ಆ ಶಿಖರವಿಲ್ಲ. 2017ರಲ್ಲಿ ಬಂದ 50 ರೂಪಾಯಿ ನೋಟಿನಲ್ಲಿರುವುದೂ ಶಿಖರವಿಲ್ಲದ ರಥವೇ. ಪುಟದಲ್ಲಿ ಸ್ಥಳ ಸಾಲದೆಂದು ಹಳೆಯ ಚಿತ್ರದ ಮೇಲಂಚನ್ನು ಕತ್ತರಿಸಿದರೆ, ನೆಲದ ಮೇಲೆ ಒಮ್ಮೆ ಅಳಿದ ಶಿಖರ ಪುಸ್ತಕದಲ್ಲಿಯೂ ಅಳಿಯುತ್ತದೆ. ಆದ್ದರಿಂದ ಪುಟವಿನ್ಯಾಸದ ಕತ್ತರಿಯನ್ನು ಕೇವಲ ತಾಂತ್ರಿಕ ವಿಷಯವೆಂದು ಭಾವಿಸಲಾಗದು.

ಪೇಜ್‌ಮೇಕರ್ ತಂತ್ರಾಂಶದ ಕತ್ತರಿಕೆಯು ಚಿತ್ರದ ಅಂಚನ್ನು ಮರೆಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ಲೇಟೆಕ್‌ನಲ್ಲಿ ಇದಕ್ಕೆ ಎರಡು ಆದೇಶಗಳಿವೆ. ‘ಟ್ರಿಮ್’ ಎಡ, ಕೆಳಗು, ಬಲ, ಮೇಲು ಎಂಬ ಕ್ರಮದಲ್ಲಿ ಅಂಚುಗಳ ಅಳತೆಯನ್ನು ಕಳೆಯುತ್ತದೆ. ‘ಕ್ಲಿಪ್’ ಸೇರಿಸದಿದ್ದರೆ ಕಳೆದ ಭಾಗವೂ ಅಚ್ಚಾಗಿ ನೆರೆಯ ಅಕ್ಷರಗಳ ಮೇಲೆ ಬೀಳುತ್ತದೆ. ಎರಡರಲ್ಲಿಯೂ ಮೂಲ ಚಿತ್ರ ಗಣಕದಲ್ಲಿ ಸುರಕ್ಷಿತ. ಆದರೆ ಗ್ರಂಥಾಲಯದ ಓದುಗನಿಗೆ ದೊರೆಯುವುದು ಅಚ್ಚಾದ ಪುಟ ಮಾತ್ರ.

ಪಠ್ಯವನ್ನು ಚಿತ್ರವಾಗಿಸಿ ಕತ್ತರಿಸುವಾಗ ಕನ್ನಡಕ್ಕೆ ವಿಶೇಷ ಅಪಾಯವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಹೊಸಪೇಟೆ, ಹಂಪಿ, ಸಂಡೂರು ಎಂಬ ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಕಂಪ್ಲಿಯಲ್ಲಿ ಇದೆ. ಕೆಳಗಿನ ಅಂಚನ್ನು ತುಸು ಹೆಚ್ಚು ಕತ್ತರಿಸಿದರೆ ಕಂಪ್ಲಿಯು ‘ಕಂಪಿ’ಯಾಗುತ್ತದೆ, ಕುಮಾರರಾಮನ ಕುಮ್ಮಟವು ‘ಕುಮಟ’ವಾಗಿ ಕರಾವಳಿಯ ಊರನ್ನು ನೆನಪಿಸುತ್ತದೆ. ಸ್ಥಳನಾಮ ಅಧ್ಯಯನಕ್ಕೆ ಇದು ಸಣ್ಣ ದೋಷವಲ್ಲ.

ಜಾನಪದ ಸಂಪಾದನೆಯಲ್ಲಿಯೂ ಈ ಪ್ರಶ್ನೆಯಿದೆ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರ (ನಿಧನ 2014) ಹಾಡಿಕೆಯಲ್ಲಿ ಕುಮಾರರಾಮನ ಕಾವ್ಯವೂ ಸೇರಿತ್ತು. ಬುರ್ರಕಥೆಯಲ್ಲಿ ಮುಖ್ಯ ಗಾಯಕಿಯ ಮಾತಿಗೆ ಮೇಳದವರ ಸೊಲ್ಲು ಮರಳಿ ಮರಳಿ ಬರುತ್ತದೆ. ಪುಟ ಉಳಿಸಲು ಅದನ್ನು ಒಮ್ಮೆ ಮಾತ್ರ ಅಚ್ಚುಮಾಡಿದರೆ ಕಥೆ ಉಳಿದೀತು; ಮೇಳವು ಚೌಕಟ್ಟಿನಾಚೆ ಸರಿಯುತ್ತದೆ.

ಈ ವಿಷಯದಲ್ಲಿ ಶಾಸನತಜ್ಞರ ಪದ್ಧತಿ ಅನುಕರಣೀಯ. ಕಲ್ಲು ಒಡೆದು ಅಕ್ಷರ ನಷ್ಟವಾದೆಡೆ ಅವರು ಚುಕ್ಕೆಗಳನ್ನಿಡುತ್ತಾರೆ, ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗೆ ತೋರಿಸುತ್ತಾರೆ. ಹೀಗಾಗಿ ಇಲ್ಲದಿರುವುದೂ ಓದುಗನಿಗೆ ಕಾಣುತ್ತದೆ. ಕತ್ತರಿಸಿದ ಛಾಯಾಚಿತ್ರಕ್ಕೆ ಅಂತಹ ಗುರುತಿಲ್ಲ. ಅದು ತಾನೇ ಪೂರ್ಣವೆಂಬಂತೆ ತೋರುತ್ತದೆ. ಚಿತ್ರದ ಅಡಿಬರಹದಲ್ಲಿ ‘ಮೇಲಂಚು ಕತ್ತರಿಸಿದೆ’ ಎಂಬ ಎರಡು ಪದಗಳನ್ನೂ ಮೂಲಪ್ರತಿ ಇರುವ ಸ್ಥಳವನ್ನೂ ನಮೂದಿಸುವುದು ಸಂಪಾದಕರ ಕರ್ತವ್ಯವಾಗಬೇಕು. ಶಿಖರವನ್ನು ಹುಡುಕುವ ಮುಂದಿನ ಸಂಶೋಧಕನಿಗೆ ಅಷ್ಟಾದರೂ ದಾರಿ ಉಳಿಯುತ್ತದೆ.