ಘಟ್ಟ ಇಳಿದ ರೊಟ್ಟಿ

ಉಡುಪಿ ಹೋಟೆಲ್ ಇಲ್ಲದ ಊರು ಎಲ್ಲಾದ್ರೂ ಇದೆಯಾ? ಕೊಪ್ಪಳದವರಿಗೂ ಇಡ್ಲಿ-ಸಾಂಬಾರ್ ಅಂದ್ರೆ ಉಡುಪಿ ಹೋಟೆಲೇ. ಆದ್ರೆ ಆ ಹೋಟೆಲ್ ಹುಟ್ಟಿದ್ದು ಹೊಟ್ಟೆಪಾಡಿಗೆ ಊರು ಬಿಟ್ಟವರಿಂದ. ಕರಾವಳಿಯ ಹುಡುಗರು ಮುಂಬೈಗೆ ಹೋಗಿ ತಟ್ಟೆ ತೊಳೆದರು, ಹಿಟ್ಟು ರುಬ್ಬಿದರು. 1942ರಲ್ಲಿ ಎ. ರಾಮ ನಾಯಕ್ ಮಾಟುಂಗಾ ರೈಲ್ವೆ ನಿಲ್ದಾಣದ ಪಕ್ಕ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮನೆಯೂಟ ಬಿಟ್ಟು ಬಂದ ದಕ್ಷಿಣದ ನೌಕರರಿಗೆ ಅಲ್ಲಿ ಬಾಳೆಲೆ ಊಟ ಸಿಕ್ಕಿತು. ಇಂಥ ಹೋಟೆಲುಗಳಿಂದಲೇ ಇಡ್ಲಿ, ದೋಸೆ ಇಡೀ ಮುಂಬೈನ ತಿಂಡಿಯಾದವು. ಮೊದಲು ತಮ್ಮವರ ಹಸಿವಿಗೆ, ಆಮೇಲೆ ಊರಿನವರ ರುಚಿಗೆ. ವಲಸಿಗರ ಹೋಟೆಲ್ ಬೆಳೆಯೋ ದಾರಿ ಇದು.

ಈಗ ಅದೇ ಕರಾವಳಿಗೆ ನಮ್ಮವರು ಹೋಗ್ತಿದ್ದಾರೆ. ಕುಷ್ಟಗಿ, ಯಲಬುರ್ಗಾದ ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟರೆ ಗುಳೆ. ಮಂಗಳೂರಿನ ಕಟ್ಟಡಗಳಲ್ಲಿ ಕಲ್ಲು ಹೊರೋದು, ಕಾಂಕ್ರೀಟ್ ಹಾಕೋದು ಉತ್ತರ ಕರ್ನಾಟಕದ ಕೈಗಳು. ಕುಚ್ಚಲಕ್ಕಿ ಅನ್ನ ಇವರಿಗೆ ಒಗ್ಗಲಿಲ್ಲ. ಹಾಗಾಗಿ ಮೀನೂಟದ ನಗರದಲ್ಲಿ ಖಾನಾವಳಿ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಇವತ್ತು ಅಲ್ಲಿ ಆಫೀಸಿನವರೂ ರೊಟ್ಟಿ ಮುರೀತಾರೆ.

ರುಚಿಗೆ ಮರ್ಯಾದೆ ಬೇಗ ಸಿಗುತ್ತೆ, ರೊಟ್ಟಿ ತಂದವರಿಗೆ? 'ಘಟ್ಟದವರು' ಅನ್ನೋ ಮಾತಿನ ಧಾಟಿ ಕೇಳಿದವರಿಗೆ ಗೊತ್ತು. ಊಟ ಬೇಕು, ಆದ್ರೆ ಬಾಡಿಗೆಗೆ ಮನೆ ಕೊಡೋಕೆ ಹಿಂದೆಮುಂದೆ ನೋಡ್ತಾರೆ ಅಂದ್ರೆ ಅದ್ಯಾವ ನ್ಯಾಯ?

ಬರೀ ಕರಾವಳಿಯವರನ್ನ ಕೇಳಿದ್ರೆ ಸಾಲದು. 1953ರಲ್ಲಿ ತುಂಗಭದ್ರಾ ನೀರು ಕಾಲುವೆಗೆ ಬಂದಮೇಲೆ ಗಂಗಾವತಿಗೆ ಆಂಧ್ರದ ಕರಾವಳಿ ರೈತರು ಬಂದರು, ಕ್ಯಾಂಪ್ ಕಟ್ಟಿದರು, ಭತ್ತ ಬೆಳೆದರು. ಜೋಳದ ನಾಡಲ್ಲಿ ಗಂಗಾವತಿ ಅಕ್ಕಿಗೆ ಹೆಸರು ಬಂದಿದ್ದು ಹಾಗೆ. ಅವರ ಗೋಂಗೂರ, ನಮ್ಮ ಪುಂಡಿಪಲ್ಲೆ ಎರಡೂ ಒಂದೇ ಸೊಪ್ಪು ನೋಡಿ! ಆದ್ರೂ 'ಕ್ಯಾಂಪಿನವರು' ಅಂತ ನಾವೂ ಬೇರೆ ಮಾಡಿ ಮಾತಾಡ್ತೀವಿ.

ಮುಂಬೈಯಲ್ಲಿ ಉಡುಪಿಯವರು ವಲಸಿಗರು, ಮಂಗಳೂರಲ್ಲಿ ಕೊಪ್ಪಳದವರು, ಗಂಗಾವತಿಯಲ್ಲಿ ಆಂಧ್ರದವರು. ಪಾಳಿ ಎಲ್ಲರಿಗೂ ಬರುತ್ತೆ. ಮುಂದಿನ ಸಲ ಹೊಸ ಊರಿನ ಊಟ ಚಪ್ಪರಿಸಿದಾಗ, ಬಡಿಸಿದವರ ಊರು ಯಾವುದು, ಅಲ್ಲಿಂದ ಯಾಕೆ ಬಂದ್ರಿ ಅಂತ ಒಂದು ಮಾತು ಕೇಳಿ.