ತಿರುಗಾಟದ ಚರಿತ್ರೆಯಲ್ಲಿ ಆತಿಥೇಯ ಊರುಗಳು

ಪಂಪನ ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುವುದು ಅರಸನ ಆಸ್ಥಾನದಲ್ಲಿ. ರತ್ನಾಕರವರ್ಣಿಯ ಭರತೇಶವೈಭವದಲ್ಲಿಯೂ ನಾಟ್ಯವೈಭವಕ್ಕೆ ನೆಲೆ ಚಕ್ರವರ್ತಿಯ ಅರಮನೆಯೇ. ಕಲಾವಿದರು ಆಶ್ರಯದಾತನ ಬಳಿಗೆ ಹೋಗುವ ಈ ಚಿತ್ರ ನಮ್ಮ ಕಾವ್ಯಾಭ್ಯಾಸಿಗಳಿಗೆ ಚಿರಪರಿಚಿತ. ಕಲೆಯೇ ಊರೂರಿಗೆ ಹೋಗುವ, ಊರವರೆಲ್ಲ ಕೂಡಿ ಆಶ್ರಯದಾತರಾಗುವ ಇನ್ನೊಂದು ಪದ್ಧತಿಗೆ ಮಾತ್ರ ಇಷ್ಟು ವಿದ್ವತ್ ಗಮನ ದೊರೆತಿಲ್ಲ.

‘ತಿರುಗಾಟ’ ಎಂಬುದು ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ರೂಢವಾದ ಮಾತು. ಮಳೆಗಾಲ ಕಳೆದ ಮೇಲೆ ಹೊರಟ ಮೇಳ, ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ಕೊನೆಯ ವಾರದ ಸುಮಾರಿಗೆ, ಗೆಜ್ಜೆ ಬಿಚ್ಚುತ್ತದೆ. ಈ ನಡುವಿನ ಆಟಗಳಲ್ಲಿ ಕೆಲವು ಒಂದು ಮನೆತನದ ಹರಕೆಯವು, ಕೆಲವು ಊರ ‘ಹತ್ತು ಸಮಸ್ತರು’ ಕೂಡಿ ಆಡಿಸುವಂಥವು. ಕೊಯ್ಲಾದ ಗದ್ದೆಯನ್ನು ಸಮಮಾಡುವುದು, ರಂಗಸ್ಥಳಕ್ಕೂ ಚೌಕಿಗೂ ಜಾಗ ಒದಗಿಸುವುದು, ಕಲಾವಿದರ ಊಟೋಪಚಾರ ನೋಡಿಕೊಳ್ಳುವುದು, ವೀಳ್ಯ ಹೊಂದಿಸುವುದು ಇವೆಲ್ಲ ಆಡಿಸುವವರ ಹೊಣೆ. ಧರ್ಮಸ್ಥಳದ ಮೇಳವೂ ಈ ಪರಂಪರೆಯದೇ. ಜೈನ ಹೆಗ್ಗಡೆ ಮನೆತನದ ಆಡಳಿತ, ಶಿವನ ಸನ್ನಿಧಿ, ವೈಷ್ಣವ ಅರ್ಚಕರು ಇವೆಲ್ಲ ಕೂಡಿದ ಕ್ಷೇತ್ರವೊಂದು ಪುರಾಣಪ್ರಸಂಗಗಳನ್ನು ಊರೂರಿಗೆ ಕಳುಹಿಸುವುದನ್ನು ನಮ್ಮ ಧರ್ಮಸಮನ್ವಯದ ಚರ್ಚೆಗಳು ಏಕೋ ಹೆಚ್ಚಾಗಿ ನೆನೆಯುವುದಿಲ್ಲ.

ವೃತ್ತಿನಾಟಕ ಕಂಪನಿಗಳ ರೀತಿ ಬೇರೆ. ಪಟ್ಟಣದಲ್ಲಿಯೋ ಜಾತ್ರೆಯಲ್ಲಿಯೋ ಕ್ಯಾಂಪು ಹೂಡಿ, ಟಿಕೇಟಿನ ಹಣದಿಂದಲೇ ಬದುಕಬೇಕಾಗಿದ್ದ ಅವು ಸಣ್ಣ ಹಳ್ಳಿಯನ್ನು ನೆಚ್ಚುವಂತಿರಲಿಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಮೇಳದ ಮಾತನ್ನೇ ಹೆಸರಾಗಿ ಆಯ್ದುಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕೆ. ವಿ. ಸುಬ್ಬಣ್ಣನವರ ದೂರದೃಷ್ಟಿಯನ್ನು ಕುರಿತು ಬೇಕಾದಷ್ಟು ಬರೆದದ್ದಾಗಿದೆ. ಆದರೆ ಷೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ಹೊತ್ತು ತಂದ ತಂಡಕ್ಕೆ ಸಭಾಂಗಣ, ವಸತಿ, ಊಟ, ಪ್ರದರ್ಶನದ ಹಣ ಇವನ್ನು ಹೊಂದಿಸಿದವರು ಸ್ಥಳೀಯ ಕಲಾಸಂಘಗಳವರು, ಶಾಲಾ ಕಾಲೇಜುಗಳ ಅಧ್ಯಾಪಕರು, ಯುವಕ ಮಂಡಲಗಳವರು. ಇಲ್ಲಿ ಒಂದು ಸೂಕ್ಷ್ಮವಿದೆ. ಯಾವ ಊರೂ ಒಂಟಿಯಾಗಿ ಇಂಥ ತಂಡವನ್ನು ಕರೆಸಿಕೊಳ್ಳಲಾರದು. ಬೆಳಕಿನ ಉಪಕರಣ, ರಂಗಸಜ್ಜಿಕೆಗಳೊಡನೆ ಹೊರಟ ವಾಹನದ ಖರ್ಚು ಹಗುರವಾಗಬೇಕಾದರೆ ಇಂದಿನ ಊರಿಗೆ ನಾಳಿನ ಊರು ಸಮೀಪದಲ್ಲಿರಬೇಕು. ಎಲ್ಲರಿಗೂ ಬೇಕಾದದ್ದು ಶನಿವಾರ, ಭಾನುವಾರ. ಒಂದು ಊರು ಮಂಗಳವಾರವನ್ನು ಒಪ್ಪಿಕೊಂಡಾಗಲೇ ಮತ್ತೊಂದಕ್ಕೆ ಶನಿವಾರ ದಕ್ಕುತ್ತದೆ. ಪರಸ್ಪರ ಮುಖಪರಿಚಯವೂ ಇಲ್ಲದ ಸಂಘಗಳು ದಿನಾಂಕಗಳ ಮೂಲಕ ಒಂದಕ್ಕೊಂದು ಋಣಿಗಳಾಗುವ ವ್ಯವಸ್ಥೆ ಇದು. ಹಳ್ಳಿಗರಿಗೆ ಹಗುರವಾದ ನಾಟಕವೇ ಸಾಕೆಂಬ ನಗರದ ತೀರ್ಮಾನವನ್ನು ಸುಳ್ಳುಮಾಡಿದ್ದರಲ್ಲಿ ಮಂಗಳವಾರದ ಊರುಗಳ ಪಾಲು ದೊಡ್ಡದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ಕ್ಕೆ ಮಠದ ಆಸರೆಯಿತ್ತು. ಆದರೂ ಊರೂರಿನ ಆತಿಥೇಯರಿಲ್ಲದೆ ಅದೂ ಸಾಗುವಂತಿರಲಿಲ್ಲ.

ಸಂಶೋಧಕರಿಗೆ ತೊಡಕಿರುವುದು ಆಕರಗಳಲ್ಲಿ. ತಂಡದ ಛಾಯಾಚಿತ್ರಗಳೂ ವಿಮರ್ಶೆಗಳೂ ಉಳಿಯುತ್ತವೆ. ಆತಿಥೇಯರ ಕರಪತ್ರ, ಚಂದಾ ಪಟ್ಟಿ, ಖರ್ಚಿನ ಚೀಟಿಗಳು ಕಾರ್ಯದರ್ಶಿ ಬದಲಾದೊಡನೆ ರದ್ದಿಗೆ ಸೇರುತ್ತವೆ. ಹೀಗಾಗಿಯೇ ನಮ್ಮ ಪಿಎಚ್.ಡಿ. ಪ್ರಬಂಧಗಳಲ್ಲಿ ನಿರ್ದೇಶಕರು ಹತ್ತಾರು ಪುಟಗಳನ್ನು ತುಂಬಿದರೆ, ಆಡಿಸಿದವರು ಕೃತಜ್ಞತೆಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ನಟರ ಸಂದರ್ಶನಕ್ಕೆ ಮುಂಚೆ ಊರಿನ ಹಳೆಯ ಕಾರ್ಯದರ್ಶಿಯ ಮನೆಯ ಅಟ್ಟವನ್ನು ಹುಡುಕುವುದು ಲೇಸು. ‘ಹತ್ತು ಸಮಸ್ತರು’ ಎಂಬ ಮಾತಿನೊಳಗೆ ನಿಜವಾಗಿ ಯಾರೆಲ್ಲ ಸೇರಿದ್ದರು, ಯಾವ ಕೇರಿ ಹೊರಗುಳಿದಿತ್ತು, ಹೆಂಗಸರ ಹೆಸರಿನಲ್ಲಿ ಹರಿದ ರಶೀದಿಗಳು ಎಷ್ಟು ಎಂಬುದು ಆ ಕಾಗದಗಳಲ್ಲಿದೆ.